ಮೀಟರ್ ಮಾಮ ಮತ್ತು ಹತ್ತದ ದೀಪಗಳು

ನಮ್ಮ ಯಜಮಾನರಿಗೆ ಕೆಲಸದ ಜಾಗದಲ್ಲಿ ಮೀಟರ್ ಮಾಮ ಎಂದು ಹೆಸರು. ಇಟ್ಟವರು ಯಾರೋ ಗೊತ್ತಿಲ್ಲ, ಅವರಿಗೊಂದು ದೊಡ್ಡ ನಮಸ್ಕಾರ. ಇಷ್ಟು ವರ್ಷ ಜೊತೆಯಲ್ಲಿ ಸಂಸಾರ ಮಾಡಿದ ನನಗೇ ಹೊಳೆಯದ ಹೆಸರು ಅದು. ಈ ಮನುಷ್ಯ ಅಳೆಯದೆ ಯಾವುದನ್ನೂ ನಂಬುವವರಲ್ಲ. ಬಾಗಿಲು ಹಾಕಿದ್ದೇನೆ ಎಂದರೆ ಎದ್ದು ಹೋಗಿ ಚಿಲಕ ಎಳೆದು ನೋಡುತ್ತಾರೆ. ನೀರು ಕಾದಿದೆ ಎಂದರೆ ಬೆರಳು ಅದ್ದಿ, ಸುಟ್ಟುಕೊಂಡು, ಆಮೇಲೆ "ಹೌದು, ಕಾದಿದೆ" ಎನ್ನುತ್ತಾರೆ. ನನಗೆ ಜ್ವರ ಬಂದರೆ ಹಣೆ ಮುಟ್ಟುವ ಮೊದಲೇ "ಎಷ್ಟಿದೆ?" ಎಂಬ ಪ್ರಶ್ನೆ ಬರುತ್ತದೆ. ಆ ಥರ್ಮಾಮೀಟರನ್ನು ಕಿಟಕಿಯಿಂದ ಆಚೆ ಎಸೆಯಬೇಕು ಅನಿಸಿದ್ದು ಒಂದೆರಡು ಸಲವಲ್ಲ.

ಅವರ ಅಪ್ಪನದು ಸೈಕಲ್ ಶಾಪು. ಮಗ ಪಂಕ್ಚರ್ ಹಾಕಲಿ ಎಂದು ಅಪ್ಪನ ಆಸೆ, ಮಗನ ಕಣ್ಣೆಲ್ಲ ಎದುರಿನ ರೇಡಿಯೋ ರಿಪೇರಿ ಅಂಗಡಿಯ ಮೇಲೆ. ಅಲ್ಲಿಗೆ ಹೋಗಿ ಹೋಗಿ, ಬೈಸಿಕೊಂಡು ಬೈಸಿಕೊಂಡು, ಕೊನೆಗೆ ಅಲ್ಲೇ ಕೂತುಬಿಟ್ಟರು. ರೇಡಿಯೋ ಹೋಯಿತು, ಟೇಪ್ ರೆಕಾರ್ಡರ್ ಬಂತು. ಅದೂ ಹೋಯಿತು, ಟೀವಿ ಬಂತು. ಈಗ ಟೀವಿ ಕೆಟ್ಟರೆ ಯಾರೂ ರಿಪೇರಿ ಮಾಡಿಸುವುದಿಲ್ಲ. ಹಾಗಾಗಿ ಒಂದು ಸ್ಟೇಷನರಿ ಅಂಗಡಿಯ ಮೇಲಿನ ಮಹಡಿಯಲ್ಲಿ ದೀಪ ತಯಾರಿಸುವವರ ಬಳಿ ಟೆಸ್ಟಿಂಗ್ ಕೆಲಸಕ್ಕೆ ಸೇರಿದರು. ಎಲ್ಲ ಬದಲಾಯಿತು, ಬಗಲಲ್ಲಿದ್ದ, ಕರೆಂಟು ವೋಲ್ಟೇಜು ಅಳೆಯುವ ಮೀಟರ್ ಮಾತ್ರ ಬದಲಾಗಲಿಲ್ಲ. ಹಳದಿ ಬಣ್ಣದ್ದು, ಮೂಲೆಯಲ್ಲಿ ಒಡೆದು ಟೇಪ್ ಸುತ್ತಿದ್ದು. ನನ್ನ ಫೋಟೋ ಪರ್ಸಿನಲ್ಲಿ ಇಟ್ಟುಕೊಂಡವರಲ್ಲ, ಆ ಮೀಟರಿಗೆ ಮಾತ್ರ ಕೈಯಾರೆ ಚೀಲ ಹೊಲಿದುಕೊಂಡಿದ್ದಾರೆ.

ಆ ಮಹಡಿಗೆ ಕಬ್ಬಿಣದ ಮೆಟ್ಟಿಲು ಹತ್ತಿ ಹೋಗಬೇಕು. ಮೇಲೆ ಉದ್ದನೆಯ ಒಂದೇ ಕೋಣೆ. ಕಿಟಕಿಯ ಪಕ್ಕ, ಒಳ್ಳೆಯ ಬೆಳಕಿರುವ ಕಡೆ, ಬೆಸುಗೆ ಹಾಕುವ ಸೋಲ್ಡರಿಂಗ್ ಮೇಜು. ನಡುವೆ ಇವರ ಟೆಸ್ಟಿಂಗ್ ಮೇಜು. ಹಿಂದಿನ ಕತ್ತಲೆ ಮೂಲೆಯಲ್ಲಿ ರಟ್ಟಿನ ಡಬ್ಬ ಮಡಚಿ, ಅಂಟಿಸಿ, ಪ್ಯಾಕ್ ಮಾಡುವ ಜಾಗ. ಇಡೀ ಕೋಣೆಗೆ ಸೋಲ್ಡರಿನ ಹೊಗೆ ವಾಸನೆ. ಇವರು ಮನೆಗೆ ಬಂದರೆ ಅಂಗಿಯಿಂದಲೂ ಅದೇ ವಾಸನೆ ಬರುತ್ತಿತ್ತು.

ಅಲ್ಲಿ ತಯಾರಾಗುವುದು ಕರೆಂಟ್ ಹೋದಾಗ ಹಚ್ಚಿಕೊಳ್ಳುವ ದೀಪ. ಒಳಗೆ ಇರುವುದು ಒಂದೇ ಸೆಲ್ಲು, ಉರಿಯಬೇಕಾದದ್ದು ಸಾಲು ಎಲ್‌ಇಡಿಗಳು. ಒಂದು ಸೆಲ್ಲಿನ ವೋಲ್ಟೇಜ್ ಅವಕ್ಕೆ ಎಲ್ಲಿ ಸಾಕು? ಅದಕ್ಕೇ ನಡುವೆ ಬೂಸ್ಟ್ ಕನ್ವರ್ಟರ್ ಎಂಬ ಸರ್ಕ್ಯೂಟ್ ಇರುತ್ತದೆ. ಸಂಪಿನ ನೀರನ್ನು ಮೋಟಾರು ಮೇಲಿನ ಟ್ಯಾಂಕಿಗೆ ಏರಿಸುವ ಹಾಗೆ ಅದು ವೋಲ್ಟೇಜ್ ಏರಿಸಿ ಕೊಡುತ್ತದೆ. ಇದನ್ನೆಲ್ಲ ನನಗೆ ಹೇಳಿಕೊಟ್ಟವರು ಇವರೇ, ಊಟದ ಹೊತ್ತಿನಲ್ಲಿ, ಚಮಚ ಲೋಟ ಜೋಡಿಸಿ. ಬೇರೆಯವರ ಗಂಡಂದಿರು ಊಟ ಮಾಡುವಾಗ ಊಟ ಮಾಡುತ್ತಾರೆ.

ಸೋಲ್ಡರಿಂಗ್ ಮೇಜಿನಲ್ಲಿ ಕೂರುತ್ತಿದ್ದವಳು ನನ್ನ ತಂಗಿ. ವಯಸ್ಸೆಷ್ಟಾದರೂ ನಮಗೆ ಅವಳು ಪುಟ್ಟಿಯೇ. ಅವಳ ಗಂಡ ಲಾರಿ ಓಡಿಸುತ್ತಾನೆ, ಮನೆಯಲ್ಲಿರುವುದಕ್ಕಿಂತ ರಸ್ತೆಯಲ್ಲಿರುವುದೇ ಹೆಚ್ಚು. ಮನೆಯಲ್ಲಿ ಒಬ್ಬಳೇ ಕೂತು ಗೋಡೆ ನೋಡಬೇಡ ಎಂದು ಇವರೇ ಅವಳನ್ನು ಕರೆದುಕೊಂಡು ಹೋಗಿ ಕೆಲಸಕ್ಕೆ ಸೇರಿಸಿದ್ದು. ಚಿಕ್ಕಂದಿನಿಂದ ಅವಳ ಕೈ ಅಂದರೆ ಕೈ. ಬೇರೆಯವರು ಕಣ್ಣು ಕಿರಿದು ಮಾಡಿ ಒದ್ದಾಡುವ ಸೂಜಿಗೆ ಅವಳು ಮಾತಾಡುತ್ತಲೇ ದಾರ ಪೋಣಿಸುತ್ತಿದ್ದಳು. ಸೋಲ್ಡರಿಂಗ್ ಐರನ್ ಹಿಡಿದ ಮೇಲಂತೂ ಕೇಳಬೇಡಿ. ಸಾಸಿವೆಗಿಂತ ಸಣ್ಣ ಪಾರ್ಟುಗಳನ್ನು ಚಿಮುಟದಲ್ಲಿ ಎತ್ತಿ ಇಟ್ಟು, ಒಂದು ಹನಿ ಸೋಲ್ಡರ್ ತಾಗಿಸಿದರೆ ಮುಗಿಯಿತು. ಕೆಳಗಿನ ಅಂಗಡಿಯವರ ಹೆಂಡತಿ ಮುರಿದ ಓಲೆಯನ್ನೂ ಅವಳ ಹತ್ತಿರವೇ ಕಳಿಸುತ್ತಿದ್ದಳು. ಆ ಕಿಟಕಿ ಪಕ್ಕದ ಕುರ್ಚಿ ಅವಳ ಪಾಲಿಗೆ ಸಿಂಹಾಸನ. ನನ್ನ ತಂಗಿಗೆ ತನ್ನದು ಎಂದು ಹೇಳಿಕೊಳ್ಳಲು ಬೇರೆ ಹೆಚ್ಚೇನೂ ಇರಲಿಲ್ಲ.

ಹೊಸ ಮಾದರಿಯ ದೀಪ ಬಂತು, ತೆಳ್ಳಗಿನದು. ಮಾರುಕಟ್ಟೆಗೆ ಹೋಗಿ ಸ್ವಲ್ಪ ದಿನಕ್ಕೇ ವಾಪಸ್ ಬರತೊಡಗಿತು. ಸ್ವಿಚ್ ಒತ್ತಿದರೆ ಹತ್ತುವುದಿಲ್ಲ. ಕೆಲವು ಒಮ್ಮೆ ಮಿಣಕ್ ಎಂದು ಸುಮ್ಮನಾಗುತ್ತವೆ. ಮಾಲೀಕರು ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡು ಓಡಾಡುವವರು, ಇನ್ನು ಮೂಟೆ ಮೂಟೆ ದೀಪ ವಾಪಸ್ ಬಂದರೆ ಹೇಗಿರುತ್ತಾರೆ ಊಹಿಸಿಕೊಳ್ಳಿ.

ಮುಂದೆ ನಡೆದದ್ದನ್ನು ನಾನು ಕಣ್ಣಾರೆ ನೋಡಿಲ್ಲ. ಗಂಡ ಹೇಳಿದ್ದನ್ನೂ ತಂಗಿ ಹೇಳಿದ್ದನ್ನೂ ಕೇಳಿದ್ದೇನೆ. ಇಬ್ಬರ ಮಾತೂ ಒಂದೇ ಆದ್ದರಿಂದ ನಂಬಬಹುದು.

ಇವರು ಮೇಜಿನ ಮೇಲೆ ಒಂದೊಂದೇ ದೀಪ ಬಿಚ್ಚಿದರು. ಸೆಲ್ ಸರಿ. ಸ್ವಿಚ್ ಸರಿ. ಕಾಯಿಲ್ ಸರಿ, ಡಯೋಡ್ ಸರಿ. ಇವರ ಒಂದು ಪದ್ಧತಿಯಿದೆ. ಮೀಟರಿನ ಕಪ್ಪು ಕ್ಲಿಪ್ಪನ್ನು ಸೆಲ್ಲಿನ ಮೈನಸ್ಸಿಗೆ ಕಚ್ಚಿಸಿಟ್ಟು, ಕೆಂಪು ಕಡ್ಡಿಯನ್ನು ಆ ಬೂಸ್ಟ್ ಸರ್ಕ್ಯೂಟ್ ನಡೆಸುವ ಚಿಪ್ಪಿನ ಒಂದು ಕಾಲಿನ, ಅಂದರೆ ಪಿನ್ನಿನ, ಮೇಲೆ ಇಟ್ಟ ನಂತರವೇ ಸ್ವಿಚ್ ಒತ್ತುವುದು. ಆ ಕಾಲು ಚಿಪ್ಪಿಗೆ ಏಳು, ಮಲಗು ಎಂದು ಹೇಳುವ ಕಾಲು. ಅಲ್ಲಿ ಸೊನ್ನೆ ಇದ್ದರೆ ಚಿಪ್ಪು ಏಳಬೇಕು. ಮೀಟರ್ ಸೊನ್ನೆ ತೋರಿಸುತ್ತಿತ್ತು, ಸ್ವಿಚ್ ಒತ್ತಿದರೆ ದೀಪ ಝಗ್ಗೆಂದು ಹತ್ತುತ್ತಿತ್ತು. ಕಡ್ಡಿ ತೆಗೆದರೂ ಉರಿಯುತ್ತಲೇ ಇರುತ್ತಿತ್ತು. ವಾಪಸ್ ಬಂದ ದೀಪಗಳೆಲ್ಲ ಇವರ ಮೇಜಿನ ಮೇಲೆ ಒಳ್ಳೆಯ ಮಕ್ಕಳಾಗಿಬಿಟ್ಟವು.

"ಇಲ್ಲಿ ಹತ್ತುತ್ತೆ, ಅಲ್ಲಿ ಹತ್ತಲ್ಲ ಅಂದ್ರೆ ಏನ್ರೀ ಅರ್ಥ?" ಎಂದು ಮಾಲೀಕರು ಎಲ್ಲರೆದುರು ಕೂಗಾಡಿದರು.

"ಡ್ರೈ ಸೋಲ್ಡರ್" ಎಂದರು ನಮ್ಮವರು. ಅಂದರೆ ಬೆಸುಗೆ ಹಿಡಿದ ಹಾಗೆ ಕಾಣುತ್ತದೆ, ಹಿಡಿದಿರುವುದಿಲ್ಲ. "ನಾನು ಬಿಚ್ಚಿ ಅಲ್ಲಾಡಿಸಿದಾಗ ತಾಗುತ್ತೆ, ಹತ್ತುತ್ತೆ. ಮತ್ತೆ ಅಲ್ಲಾಡಿದ್ರೆ ಬಿಟ್ಟುಹೋಗುತ್ತೆ. ಸೋಲ್ಡರ್ ಮಾಡುವಾಗ ಕೈ ಸ್ವಲ್ಪ ನಡುಗಿದ್ರೂ ಸಾಕು, ಹೀಗಾಗುತ್ತೆ."

ಕೋಣೆಯಲ್ಲಿದ್ದವರೆಲ್ಲ ಕಿಟಕಿಯ ಕಡೆ ತಿರುಗಿ ನೋಡಿದರಂತೆ. ಸೋಲ್ಡರ್ ಮಾಡುತ್ತಿದ್ದ ಕೈ ಅಲ್ಲಿ ಒಂದೇ.

ಪುಟ್ಟಿ ವಾದ ಮಾಡಲಿಲ್ಲ. ಅವಳು ಜಗಳವಾಡಿದ್ದರೆ ಇವರು ರೋಷಕ್ಕಾದರೂ ಇನ್ನೊಮ್ಮೆ ಪರೀಕ್ಷೆ ಮಾಡುತ್ತಿದ್ದರೋ ಏನೋ. "ಭಾವ ಹೇಳಿದ್ರೆ ಹಾಗೇ ಇರುತ್ತೆ" ಎಂದು ಐರನ್ ಆರಿಸಿ ಎದ್ದಳಂತೆ. ಮಾಲೀಕರು ಅವಳನ್ನು ಹಿಂದಿನ ಮೂಲೆಗೆ, ಡಬ್ಬ ಅಂಟಿಸುವ ಕೆಲಸಕ್ಕೆ ಹಾಕಿದರು. ಕಿಟಕಿ ಪಕ್ಕದ ಕುರ್ಚಿಗೆ ಸದ್ಯಕ್ಕೆ ಅಂತ ಒಬ್ಬ ಹೊಸಬ ಬಂದ.

ಆಮೇಲೆ ನನ್ನ ತಂಗಿ ತನ್ನ ಕೈಯನ್ನೇ ಅನುಮಾನಿಸತೊಡಗಿದಳು. ನನ್ನ ಮನೆಗೆ ಬಂದಾಗ ಟೀ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದಳು. "ಅಕ್ಕ, ನನ್ನ ಕೈ ನೋಡು, ಅಲ್ಲಾಡ್ತಿದೆಯಾ?" ಎಂದು ಬೆರಳು ಚಾಚಿ ತೋರಿಸುತ್ತಿದ್ದಳು. ಕಣ್ಣಿನದೇ ತೊಂದರೆ ಇರಬಹುದು ಎಂದು ನನ್ನನ್ನು ಕಣ್ಣಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಡಾಕ್ಟರು ಕಣ್ಣು ಚೆನ್ನಾಗಿದೆ ಎಂದರೆ ಇವಳಿಗೆ ಬೇಸರ. ಕಣ್ಣಿನದಲ್ಲವಾದರೆ ಕೈಯದೇ ಎಂದಾಯಿತಲ್ಲ! ಹೊಲಿಗೆ ಬಿಟ್ಟಳು. ಬೀಗಕ್ಕೆ ಕೀಲಿ ಹಾಕುವಾಗಲೂ ನಿಧಾನ. ಮಾತು ಮಾತಿಗೂ ನಗುತ್ತಿದ್ದ ಹುಡುಗಿ, ಈಗ ಅವಳನ್ನು ನಗಿಸಲು ನಾನು ಸರ್ಕಸ್ ಮಾಡಬೇಕಾಗುತ್ತಿತ್ತು.

ನಮ್ಮವರಾದರೋ ಇದು ಯಾವುದನ್ನೂ ತಲೆಗೆ ಹಾಕಿಕೊಂಡಿರಲಿಲ್ಲ. ಅಳತೆ ಮುಗಿದ ಮೇಲೆ ಅವರ ಪಾಲಿಗೆ ವಿಷಯ ಮುಗಿಯಿತು. "ಕೆಲಸ ಬೇರೆ, ಸಂಬಂಧ ಬೇರೆ" ಎಂದು ನನಗೇ ಪಾಠ ಹೇಳಿದರು. ಆ ದಿನ ಊಟಕ್ಕೆ ಉಪ್ಪು ಹಾಕಲು ನನಗೆ ಮರೆತುಹೋಯಿತು. ಬೇಕೆಂದೇ ಮರೆತದ್ದು.

ಹೀಗಿರುವಾಗ ಒಂದು ಸಂಜೆ, ಅಡುಗೆ ಒಲೆಯ ಮೇಲಿದ್ದಾಗಲೇ ನಮ್ಮ ಮನೆಯ ಕರೆಂಟ್ ಹೋಯಿತು. ವಾಪಸ್ ಬಂದಿದ್ದರಲ್ಲಿ ಒಂದು ದೀಪವನ್ನು, "ಇದು ಸರಿಯಾಗಿದೆ, ಮನೆಯಲ್ಲಿರಲಿ" ಎಂದು ಇವರು ಅಂದೇ ತಂದಿಟ್ಟಿದ್ದರು. ಸ್ವಿಚ್ ಒತ್ತಿದೆ. ಹತ್ತಲಿಲ್ಲ. ಅಲ್ಲಾಡಿಸಿದೆ, ಹತ್ತಲಿಲ್ಲ. ಇವರು ತೆಗೆದುಕೊಂಡು ತಟ್ಟಿದರು, ತಿರುಗಿಸಿದರು, ಮೇಣದಬತ್ತಿ ಹಚ್ಚಿಕೊಂಡು ಅದರ ಹಿಂಭಾಗ ಬಿಚ್ಚಿ ಎಲ್ಲ ಜಾಯಿಂಟುಗಳನ್ನೂ ಒತ್ತಿ ನೋಡಿದರು. ಜಪ್ಪಯ್ಯ ಅಂದರೂ ಹತ್ತಲಿಲ್ಲ.

"ಬೆಳಿಗ್ಗೆ ನನ್ನ ಮೇಜಿನ ಮೇಲೆ ಚೆನ್ನಾಗಿ ಉರೀತಿತ್ತಲ್ಲೇ" ಎಂದರು.

"ನಿಮ್ಮ ಮೀಟರನ್ನ ಅಲ್ಲೇ ಬಿಟ್ಟು ಬಂದ್ರಿ ಅಂತ ಮುನಿಸಿಕೊಂಡಿರಬೇಕು ಬಿಡಿ. ಯಜಮಾನರ ಹಾಗೇ ದೀಪ" ಎಂದೆ ನಾನು.

ಸುಮ್ಮನೆ ಕಾಲೆಳೆಯಲು ಆಡಿದ ಮಾತು. ಸ್ಕ್ರೂ ಡ್ರೈವರ್ ಹಿಡಿದ ಕೈ ಅಲ್ಲೇ ನಿಂತಿತು. ಕರೆಂಟ್ ಬಂದಮೇಲೂ ಹಾಗೇ ಕೂತಿದ್ದರು. ಊಟಕ್ಕೆ ಕರೆದರೆ ತಟ್ಟೆಯ ಮುಂದೆ ಕೂತು ತುತ್ತು ಕಲಸಿ ಕಲಸಿ ಎದ್ದರು. ಹೊಟ್ಟೆ ಸರಿಯಿಲ್ಲವೇನೋ ಎಂದುಕೊಂಡೆ.

ಮರುದಿನ ಎಲ್ಲರಿಗಿಂತ ಮೊದಲೇ ಹೋಗಿ, ವಾಪಸ್ ಬಂದ ದೀಪಗಳನ್ನು ಮೀಟರ್ ತಾಗಿಸದೆ ಒತ್ತುತ್ತಾ ಹೋದರಂತೆ. ಬಹುಪಾಲು ಹತ್ತಲಿಲ್ಲ. ಕೆಂಪು ಕಡ್ಡಿ ಇಟ್ಟು ಒತ್ತಿದರೆ ಎಲ್ಲವೂ ಹತ್ತಿದವು. ಚಿಪ್ಪಿನ ಆ ಕಾಲು ಯಾವುದಕ್ಕೂ ಕಟ್ಟಿಲ್ಲದೆ ಗಾಳಿಯಲ್ಲಿ ತೂಗಾಡುತ್ತಿತ್ತು. ಏಳಬೇಕೋ ಮಲಗಬೇಕೋ ಚಿಪ್ಪಿಗೆ ತಿಳಿಯುತ್ತಿರಲಿಲ್ಲ. ಇವರು ಮೀಟರ್ ಇಟ್ಟಾಗ, ಮೀಟರಿನ ಒಳಗಿನಿಂದಲೇ ಆ ಕಾಲಿಗೆ ಮೈನಸ್ಸಿನ ಕಡೆಗೆ ಒಂದು ದಾರಿ ಸಿಗುತ್ತಿತ್ತು, ಚಿಪ್ಪು ಎದ್ದು ಕೂರುತ್ತಿತ್ತು. ಒಮ್ಮೆ ಎದ್ದ ಚಿಪ್ಪು ಸ್ವಿಚ್ ಆರಿಸುವವರೆಗೆ ಎದ್ದೇ ಇರುತ್ತಿತ್ತು. ಇವರು ನೋಡಿದ ಸೊನ್ನೆಯೂ ಅಲ್ಲಿ ಮೊದಲೇ ಇದ್ದ ಸೊನ್ನೆಯಲ್ಲ, ಇವರ ಮೀಟರ್ ತಂದಿಟ್ಟ ಸೊನ್ನೆ.

ಇಷ್ಟೇ ಆಗಿದ್ದರೆ ತಿಳಿಯದೆ ಮಾಡಿದ್ದು ಎನ್ನಬಹುದಿತ್ತು. ಹಳೆಯ ಮಾದರಿಯಲ್ಲಿ ಆ ಕಾಲನ್ನು ಸೊನ್ನೆಯಲ್ಲಿ ಹಿಡಿದಿಡಲು ಅದರಿಂದ ಮೈನಸ್ಸಿಗೆ ಒಂದು ಸಣ್ಣ ರೆಸಿಸ್ಟರ್ ಇತ್ತು. ತೆಳ್ಳಗಿನ ಡಬ್ಬಿಗೆ ಬೋರ್ಡು ಚಿಕ್ಕದಾಗಬೇಕು, ಏನನ್ನು ಬಿಡಬಹುದು ಎಂದು ಮಾಲೀಕರು ಕೇಳಿದಾಗ, "ಇದು ಬೇಕಾಗಿಲ್ಲ, ತೆಗೆದು ನೋಡಿದೀನಿ, ಚೆನ್ನಾಗೇ ಹತ್ತುತ್ತೆ" ಎಂದವರು ಯಾರು? ನಮ್ಮ ಮೀಟರ್ ಮಾಮ. ತೆಗೆದು ನೋಡಿದ್ದು ನಿಜ. ಮೀಟರ್ ಇಟ್ಟುಕೊಂಡೇ ನೋಡಿದ್ದು.

ಆ ದಿನ ಇವರು ಮಾಲೀಕರ ಬಳಿ ಹೋಗಿ, "ಸರ್, ತಪ್ಪು ಸಿಕ್ತು. ಒಂದು ರೆಸಿಸ್ಟರ್ ಸೇರಿಸಿದ್ರೆ ಸರಿಹೋಗುತ್ತೆ" ಎಂದರು. ಅಷ್ಟೇ ಹೇಳಿದರು. ತೆಗೆಸಿದ್ದು ಯಾರು ಎಂದು ಹೇಳಲಿಲ್ಲ, ಸೋಲ್ಡರಿನ ಸುದ್ದಿಯನ್ನೂ ಎತ್ತಲಿಲ್ಲ. ಸೋಲ್ಡರಿನದೂ ಒಂದು ತಪ್ಪು ಇದ್ದೇ ಇತ್ತು ಎಂದು ಎಲ್ಲರೂ ಅಂದುಕೊಂಡರು.

ಇದು ಯಾವುದೂ ನನಗೆ ಗೊತ್ತಿರಲಿಲ್ಲ. ಗೊತ್ತಾಗಿದ್ದು ಆ ವಾರ ಪುಟ್ಟಿ ಓಡೋಡಿ ಬಂದು ಹೇಳಿದ ಸುದ್ದಿ ಮಾತ್ರ.

"ಅಕ್ಕ, ಭಾವ ಏನು ಮಾಡಿದ್ರು ಗೊತ್ತಾ? ಯಾರಿಗೂ ತಿಳೀದೇ ಇದ್ದದ್ದನ್ನ ಹಿಡಿದುಬಿಟ್ರು! ದೀಪ ಎಲ್ಲಾ ಈಗ ಸರಿಯಾಗಿವೆ. ಮಾಲೀಕರು ಎಲ್ಲರ ಮುಂದೆ ಹೊಗಳಿ ಹೊಸ ಮೀಟರ್ ಕೊಟ್ರು. ಅದಕ್ಕೆ ಡಬ್ಬ ಮಾಡಿದ್ದು ನಾನೇ. ಬಣ್ಣದ ಕಾಗದ ಅಂಟಿಸಿದೀನಿ, ನೋಡು."

ಇವರು ಆ ಡಬ್ಬವನ್ನು ಕಂಕುಳಲ್ಲಿ ಅವುಚಿಕೊಂಡು ಬಾಗಿಲಲ್ಲೇ ನಿಂತಿದ್ದರು. ಬಹುಮಾನ ತಂದವರ ಮುಖ ಹಾಗಿರುವುದಿಲ್ಲ. ಕದ್ದು ಸಿಕ್ಕಿಬಿದ್ದವರ ಮುಖ ಅದು. ಡಬ್ಬವನ್ನು ಬಿಚ್ಚದೆ ಬೀರುವಿನ ಮೇಲೆ, ಕೈಗೆ ಎಟುಕದಷ್ಟು ಹಿಂದಕ್ಕೆ ತಳ್ಳಿದರು.

ಅಲ್ಲಿಂದ ಶುರುವಾಯಿತು ಉಪಚಾರ. ಪುಟ್ಟಿ ಮನೆಗೆ ಬಂದರೆ ಇವರು ಕುರ್ಚಿ ಬಿಟ್ಟು ಏಳುತ್ತಿದ್ದರು. ಅವಳ ಮನೆಯ ಫ್ಯಾನ್ ರಿಪೇರಿ ಮಾಡಿಕೊಟ್ಟರು, ಮಿಕ್ಸಿ ರಿಪೇರಿ ಮಾಡಿಕೊಟ್ಟರು. ಸರಿಯಾಗಿದ್ದ ಇಸ್ತ್ರಿ ಪೆಟ್ಟಿಗೆಯನ್ನೂ ತಂದು ಬಿಚ್ಚಿದರು. ಬಸ್ ಸ್ಟಾಪಿನವರೆಗೆ ಅವಳ ಚೀಲ ಹೊತ್ತುಕೊಂಡು ಹೋದರು. ನನ್ನ ಚೀಲ ನಾನೇ ಹೊತ್ತು ಸವೆದದ್ದು ಇವರ ಕಣ್ಣಿಗೆ ಬೀಳಲಿಲ್ಲ.

"ಏನ್ರೀ ಇದು, ನಾದಿನಿ ಮೇಲೆ ಇದ್ದಕ್ಕಿದ್ದ ಹಾಗೆ ಇಷ್ಟೊಂದು ಪ್ರೀತಿ?" ಎಂದು ಕೆಣಕಿದೆ.

ಆ ಮಾತಿಗೆ ಈ ಮನುಷ್ಯ ಅಳಲು ಶುರು ಮಾಡಿಬಿಟ್ಟರು! ಅವರ ಅಪ್ಪ ತೀರಿಕೊಂಡಾಗಲೂ ಹೀಗೆ ಅತ್ತಿರಲಿಲ್ಲ. ಅಳುತ್ತಲೇ ಕೆಂಪು ಕಡ್ಡಿ, ರೆಸಿಸ್ಟರ್, ಮಾಲೀಕರ ಹೊಗಳಿಕೆ, ಎಲ್ಲ ಹೇಳಿದರು. "ಅವಳು ಚಪ್ಪಾಳೆ ತಟ್ಟಿದ್ಳು ಕಣೇ. ಎಲ್ಲರಿಗಿಂತ ಜೋರಾಗಿ ಅವಳೇ ತಟ್ಟಿದ್ದು."

ನನಗೆ ಕನಿಕರ ಬರಲಿಲ್ಲ. ನಿಜ ಹೇಳುತ್ತೇನೆ, ಮೈಯೆಲ್ಲ ಉರಿಯಿತು. ಆ ಹುಡುಗಿ ತನ್ನ ಕೈಯನ್ನು ತಾನೇ ಶತ್ರು ಮಾಡಿಕೊಂಡು ಕೂತಿದ್ದಾಳೆ, ಇವರು ಅವಳ ಇಸ್ತ್ರಿ ಪೆಟ್ಟಿಗೆ ರಿಪೇರಿ ಮಾಡುತ್ತಿದ್ದಾರೆ!

"ಅಳೋದು ಆಮೇಲೆ. ನಾಳೆ ಮಾಲೀಕರಿಗೆ ಹೇಳಿ. ಸೋಮವಾರದಿಂದ ಆ ಕುರ್ಚಿ ಹೊಸಬನಿಗೇ ಕಾಯಂ ಅಂತೆ, ಪುಟ್ಟೀನೇ ಹೇಳಿದ್ಳು. ಆಮೇಲೆ ಹೇಳಿದ್ರೆ ಹೇಳಿದ್ದೂ ದಂಡ" ಎಂದೆ.

"ಇಷ್ಟು ವರ್ಷದ ಹೆಸರು..."

"ಆ ಹೆಸರನ್ನ ಮೀಟರಿನ ಜೊತೆ ಬೀರು ಮೇಲಿಡಿ."

ಹೋದರು, ಹೇಳಿದರು. ಆ ಮಟ್ಟಿಗೆ ಒಪ್ಪಬೇಕು. ಮಾಲೀಕರು ಎಗರಾಡಿದರಂತೆ, ಕೊಟ್ಟ ಮೀಟರ್ ವಾಪಸ್ ತಾ ಎಂದರಂತೆ. ಸ್ವಲ್ಪ ಹೊತ್ತಿಗೆ ತಣ್ಣಗಾಗಿ, "ಆ ಹೆಣ್ಣುಮಗಳು ಒಪ್ಪಿದ್ರೆ ಸೋಮವಾರ ಅವಳ ಜಾಗಕ್ಕೇ ಬರಲಿ. ಕೇಳೋದು ನಿಮ್ಮ ಕೆಲಸ" ಎಂದರಂತೆ.

ಭಾನುವಾರ ಪುಟ್ಟಿಯನ್ನು ಕರೆಸಿದೆ. ಊಟ ಮುಗಿಯಿತು. ಇವರು ಮೇಜು ಒರೆಸಿ, ರೆಸಿಸ್ಟರ್ ಹಾಕದ ಒಂದು ದೀಪ, ಹಳೆಯ ಮೀಟರ್, ಸೋಲ್ಡರಿಂಗ್ ಐರನ್ ತಂದಿಟ್ಟರು. ನಾನು ಬಾಗಿಲ ಬಳಿ ನಿಂತೆ, ಇವರು ಎದ್ದು ಓಡಿಹೋದರೆ ಹಿಡಿಯಲು ಎಂದು ಇಟ್ಟುಕೊಳ್ಳಿ.

"ಪುಟ್ಟಿ, ನಿನ್ನ ಸೋಲ್ಡರಿಂಗ್‌ನಲ್ಲಿ ಏನೂ ತಪ್ಪಿರಲಿಲ್ಲ. ತಪ್ಪೆಲ್ಲ ನಂದು" ಎಂದರು.

ಅವಳು ನಕ್ಕಳು. ಎಷ್ಟೋ ದಿನದ ಮೇಲೆ ಕಂಡ ನಗು, ಆದರೆ ಅದರಲ್ಲಿ ನಗುವಿರಲಿಲ್ಲ. "ಅಕ್ಕ ಹೇಳಿಸ್ತಿದಾಳೆ ಅಲ್ವಾ ಭಾವ? ನನಗೆ ಬೇಜಾರಾಗದಿರಲಿ ಅಂತ ನೀವು ತಪ್ಪು ಹೊತ್ಕೋಬೇಡಿ. ನಿಮ್ಮ ಲೆಕ್ಕ ಯಾವತ್ತಾದ್ರೂ ತಪ್ಪಿದೆಯಾ?"

ಇವರು ಬೇಡಿಕೊಂಡರು, ಆಣೆ ಇಟ್ಟರು. ಅವಳು ತಲೆಯಾಡಿಸುತ್ತಲೇ ಇದ್ದಳು. "ನೀವು ದೊಡ್ಡ ಮನಸ್ಸಿನವರು ಭಾವ" ಎಂದಳು. ಇವರು ಕುರ್ಚಿಯಲ್ಲಿ ಹಿಡಿಯಷ್ಟಾಗಿ ಹೋದರು. ಆಗ ನನಗೂ ಅಯ್ಯೋ ಅನಿಸಿತು.

ಕೊನೆಗೆ ಇವರು ದೀಪವನ್ನು ಅವಳ ಮುಂದೆ ತಳ್ಳಿದರು. "ನೀನೇ ಒತ್ತು." ಒತ್ತಿದಳು, ಹತ್ತಲಿಲ್ಲ. ಅಲ್ಲಾಡಿಸಿದಳು, ಹತ್ತಲಿಲ್ಲ. "ಈಗ ಈ ಕಡ್ಡಿ ಇಲ್ಲಿಟ್ಟು ಒತ್ತು." ಹತ್ತಿತು. ಅವಳ ಮುಖದ ಮೇಲೆ ಬಿಳಿ ಬೆಳಕು ಬಿತ್ತು. ಆರಿಸಿ, ದೀಪ ಪಕ್ಕಕ್ಕಿಟ್ಟು, ಅವಳು ಸ್ವಲ್ಪ ಹೊತ್ತು ಕಾದಳು. ಮತ್ತೆ ಬರಿದೇ ಒತ್ತಿದಳು. ಹತ್ತಲಿಲ್ಲ. ಕಡ್ಡಿ ಇಟ್ಟು ಒತ್ತಿದಳು. ಹತ್ತಿತು. ಪುಟ್ಟಿ ದಡ್ಡಿಯಲ್ಲ, ಅವಳಿಗೆ ಬಿಡಿಸಿ ಹೇಳಬೇಕಾಗಲಿಲ್ಲ.

"ನಾಳೆಯಿಂದ ನಿನ್ನ ಕುರ್ಚಿ ನಿಂದೇ. ಈ ರೆಸಿಸ್ಟರ್ ನೀನೇ ಹಾಕು" ಎಂದು ಇವರು ಐರನ್ ಕಾಯಿಸಿ ಕೊಟ್ಟರು. ದನಿಯಲ್ಲಿ ಆಸೆಯಿತ್ತು. ಒಂದು ಜಾಯಿಂಟ್ ಹಿಡಿದರೆ ಎಲ್ಲ ಹಿಡಿದ ಹಾಗೆ ಎಂದುಕೊಂಡಿದ್ದರೋ ಏನೋ.

ಅವಳು ಚಿಮುಟದಲ್ಲಿ ರೆಸಿಸ್ಟರ್ ಎತ್ತಿದಳು. ಅದು ಜಾರಿ ಮೇಜಿನ ಮೇಲೆ ಬಿತ್ತು. ಮತ್ತೆ ಎತ್ತಿ ಬೋರ್ಡಿನ ಮೇಲಿಟ್ಟು ಐರನ್ ತಂದಳು. ಐರನ್ನಿನ ತುದಿ ಪಕ್ಕದ ಜಾಯಿಂಟಿಗೆ ತಗಲಿತು, ಹಿಂದಕ್ಕೆ ಬಂತು, ಇನ್ನೊಂದು ಕಡೆಗೆ ಹೋಯಿತು. ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಒತ್ತಿ ಹಿಡಿದಳು. ಆದರೂ ನಿಲ್ಲಲಿಲ್ಲ. ಬಾಗಿಲಲ್ಲಿ ನಿಂತ ನನಗೂ ಕಾಣುವಷ್ಟು ಅವಳ ಕೈ ನಡುಗುತ್ತಿತ್ತು.

ಅವಳು ಐರನ್ನನ್ನು ಸ್ಟ್ಯಾಂಡಿನಲ್ಲಿಟ್ಟು, ತನ್ನ ಕೈಯನ್ನೇ ನೋಡಿ, ಆಮೇಲೆ ಇವರನ್ನು ನೋಡಿದಳು. ಸಿಟ್ಟಿನಿಂದಲ್ಲ. ಗೊತ್ತಿದ್ದವರನ್ನು ಕೇಳುವ ಹಾಗೆ ಕೇಳಿದಳು.

"ಆವಾಗ ನಡುಗಿರಲಿಲ್ಲ ಅಂದ್ರಲ್ಲ ಭಾವ. ಮತ್ತೆ ಈಗ ಯಾಕೆ ನಡುಗ್ತಿದೆ?"

ನಮ್ಮವರು ಬೋರ್ಡಿನಿಂದ ಜಾರಿ ಮತ್ತೆ ಮೇಜಿನ ಮೇಲೆಲ್ಲೋ ಬಿದ್ದಿದ್ದ ರೆಸಿಸ್ಟರನ್ನು ಹುಡುಕತೊಡಗಿದರು.